ಔಷಧಿಯಲ್ಲದ್ದು

ದೊರೀನೊ ಮೂವತ್ತೆಂಟು ವರ್ಷ
ಮಂಡಿಯೂರಿ ನೆಲ ಹಾಸಿದವನು.
ತಲ್ಯಮೆಂತೊ ಹೊಳೆಯ ಬಿಳಿ ಹರಳು, ಇಟ್ಟಿಗೆ ಚೂರು,
ಉಜ್ಜಿ ಉಜ್ಜಿ ಕನ್ನಡಿ.
ಸ್ಪಿಲಿಂಬೆರ್ಗೊದ ಶಾಲೆ, ಬ್ಯಾಂಕು,
ನನ್ನ ಈ ಔಷಧಿ ಅಂಗಡಿಯ ನೆಲವೂ ಅವನದೇ.
ನೆಲ ನುಣುಪಾದಷ್ಟೂ
ಮಂಡಿಯೊಳಗೆ ಮೂಳೆಗೆ ಮೂಳೆ ತರಿ.

“ನೋವಿನ ಮಾತ್ರೆ ಹೊಟ್ಟೆ ಸುಡುತ್ತದೆ, ಪಿಯೆರೀನಾ,
ಗಿಡದ್ದೇನಾದರೂ ಕೊಡು.”
ಕೊಟ್ಟೆ.
ಹಸಿರೆಲೆಯ ಚಿತ್ರದ ಡಬ್ಬಿ, ಒಳಗೆ ಅರಿಶಿನದ ಸಾರ,
ರಕ್ತಕ್ಕೆ ಬೇಗ ಸೇರಲೆಂದು ಕಾಳುಮೆಣಸಿನ ಸತ್ವ.
ಎಲ್ಲೋ ದೂರದಲ್ಲಿ ದಿನಾ ಅಡುಗೆಗೆ ಹಾಕುತ್ತಾರಂತೆ, ಅಂದೆ.
ಚಿಟಿಕೆಯ ಲೆಕ್ಕ ಬೇರೆ,
ಹಿಂಡಿ ತುಂಬಿದ್ದರ ಲೆಕ್ಕ ಬೇರೆ
ಅನ್ನಲಿಲ್ಲ. ಶನಿವಾರ; ಸಾಲು ಬಾಗಿಲಾಚೆಗಿತ್ತು.

ಮೂರು ವಾರಕ್ಕೆ ಗಂಟೆಗೋಪುರ ಹತ್ತಿ ಇಳಿದು ಬಂದ.
ಇನ್ನೆರಡು ಡಬ್ಬಿ ಒಯ್ದ.

ನವೆಂಬರಿನಲ್ಲಿ, ಅಂಗೈ ಕೆರೆದುಕೊಳ್ಳುತ್ತ,
ತುರಿಕೆಗೆ ಮುಲಾಮು ಕೇಳಿದ.
ಅವನ ಕಣ್ಣು ನೋಡಿದೆ.
ಟ್ಯೂಬ್‌ಲೈಟಿನ ಬಣ್ಣವಿರಲಿ ದೇವರೇ ಎಂದು
ಕೈ ಹಿಡಿದು ಬೀದಿಗೆ ಕರೆತಂದು
ಹಗಲಲ್ಲಿ ನೋಡಿದೆ.
“ಮೂತ್ರ?”
“ಕಾಫಿ,” ಎಂದು ನಕ್ಕ.

ಪೊರ್ದೆನೋನೆಯ ಆಸ್ಪತ್ರೆ.
ಕುಡಿತ? ಊಟಕ್ಕೊಂದು ಲೋಟ.
ಕಾಡಿನ ಅಣಬೆ? ಈ ವರ್ಷ ಇಲ್ಲ.
ಔಷಧಿ? ಇಲ್ಲ.
ವೈದ್ಯೆ ಮತ್ತೆ ಕೇಳಿದಳು. ಯಾವುದೂ ಇಲ್ಲ.
ಅವನು ಸುಳ್ಳಾಡಲಿಲ್ಲ,
ಎಲೆಯ ಚಿತ್ರವನ್ನು ನಂಬಿದ್ದ.
ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟವಳು ನಾನು.
ಎಷ್ಟು ಹಗುರ ಡಬ್ಬಿ; ಎಂಥಾ ಸದ್ದು.

ಮಂಡಿ ಬಾಯಿಬಡುಕ,
ಮೆಟ್ಟಿಲಿಗೊಮ್ಮೆ ಊರಿಗೆಲ್ಲ ಸಾರುತ್ತದೆ.
ಯಕೃತ್ತು ಹಾಗಲ್ಲ. ಕೊಟ್ಟದ್ದೆಲ್ಲ ಹೊತ್ತು
ಪಕ್ಕೆಲುಬಿನ ಕೆಳಗೆ ತೊಳೆಯುತ್ತ ಕೂತಿರುತ್ತದೆ,
ಒಂದು ದಿನ ಹಳದಿಯಲ್ಲಿ ಮಾತಾಡುವ ತನಕ.

ನಿಲ್ಲಿಸಿದ. ಹನ್ನೊಂದು ವಾರಕ್ಕೆ ಅಂಕಿಗಳು ಇಳಿದವು.
ಎಲ್ಲರಿಗೂ ಹೀಗಾಗುವುದಿಲ್ಲ, ಅಂದಳು ವೈದ್ಯೆ.
ಯಾರಿಗೆ, ಎಂದು ಕೇಳಿದೆ.
ಪೆನ್ನಿನ ಮುಚ್ಚಳ ಹಾಕಿದಳು.

ಮೊನ್ನೆ ಊರುಗೋಲು ಹಿಡಿದು ಬಂದ.
“ಮಂಡಿ ಮರಳಿ ಬಂತು,” ಅಂದ,
ಸಾಲ ಕೇಳುವ ಸೋದರಳಿಯ ಬಂದನೆಂಬಂತೆ.
ಕಪಾಟಿನ ಖಾಲಿ ಸಾಲು ನೋಡಿದ.
“ಮಾರುವುದಿಲ್ಲವಾ?”
“ಒಳಗಿಟ್ಟಿದ್ದೇನೆ. ಕೇಳಿದವರನ್ನು
ಮೊದಲು ನಾನು ಕೇಳುತ್ತೇನೆ.”

ತಲೆಯಾಡಿಸಿ, ಕೋಲಿನ ತುದಿಯಿಂದ
ಕೌಂಟರಿನ ಬುಡದ ಒಂದು ಹರಳನ್ನು ಮುಟ್ಟಿದ.
“ಇದು ಸರಿಯಾಗಿ ಕೂತಿಲ್ಲ ನೋಡು.
ಅವತ್ತು ನನಗೂ ಅವಸರ.”