ಘಾತ

ಬಾಯಾರಿನ ಗುಡ್ಡದ ಹೊಟ್ಟೆಯಲ್ಲಿ
ಎಪ್ಪತ್ತು ಕೋಲು ಒಳಗೆ ಪಕೀರ ಮೂಲ್ಯ.
ಗೋಡೆಯ ಗೂಡಿನಲ್ಲಿ ಮೊಂಬತ್ತಿ,
ಅದು ಸಣ್ಣಗಾದರೆ ಗಾಳಿಯೂ ಸಣ್ಣಗಾಗಿದೆ ಎಂದರ್ಥ.
ಅವನ ಉಪಕರಣ ಅಷ್ಟೇ,
ಮತ್ತೆ ಎಡಗಿವಿ.

ಸುರಂಗದ ಬಾಯಲ್ಲಿ ನಾನು,
ಮುರಕಲ್ಲಿನ ತುಂಡುಗಳಿಗೆ ಚೀಟಿ ಅಂಟಿಸುತ್ತ.
ಸಂಶೋಧನೆಯ ಮೂರನೇ ವರ್ಷ:
ಕಲ್ಲಿನ ತೂತುಗಳು ಒಂದರ ಕೈ ಒಂದು ಹಿಡಿದು
ಯಾವ ಗಳಿಗೆಗೆ ದಾರಿಯಾಗುತ್ತವೆ?
ನೂರರಲ್ಲಿ ಇಷ್ಟು ತೂತು, ನೀರಿಲ್ಲ.
ಇನ್ನೊಂದು ತೂತು, ಇನ್ನೂ ಇಲ್ಲ.
ಇನ್ನೊಂದೇ ಒಂದು –
ಗುಡ್ಡದ ಈ ಕಡೆಯ ಹನಿಗೆ
ಆ ಕಡೆಯ ಸುದ್ದಿ ಮುಟ್ಟುತ್ತದೆ.

ಮುಟ್ಟಿದ ಮೇಲೆ ಎಷ್ಟು ಚುರುಕಾಗಿ ಏರಿತು
ಎಂದು ಹೇಳುವ ಅಂಕಿಗೆ
ನಮ್ಮ ಶಾಲೆಯ ಪುಸ್ತಕದ ಮಾತಿನಲ್ಲಿ ಘಾತ.
ಎಂಟನೇ ತರಗತಿಯಲ್ಲಿ ಎದ್ದು ನಿಂತು ಕೇಳಿದ್ದೆ:
ಟೀಚರೇ, ಘಾತ ಅಂದರೆ ಏಟಲ್ಲವಾ?
ಗುಲಾಬಿ ಟೀಚರು ಚಾಕ್‌ಪೀಸು ಕೆಳಗಿಟ್ಟು
'ಹೌದು, ತಲೆಯ ಮೇಲೆ ಕೂತು ಕೊಡುವ ಏಟು' ಅಂದಿದ್ದರು.
ನನ್ನ ಕಲ್ಲಿಗೆ ಬರಬೇಕಾದದ್ದು
ಸೊನ್ನೆ ಬಿಂದು ನಾಲ್ಕು ಒಂದು.
ಬರುವುದು ಹತ್ತಿರ ಹತ್ತಿರ.

ಪೆರಿಯದ ಕ್ಯಾಂಟೀನಿನಲ್ಲಿ ಒಂದು ಮಧ್ಯಾಹ್ನ
ಪಳಂಪೊರಿಯ ಎಣ್ಣೆ ಕುಡಿದ ಕಾಗದದ ಮೇಲೆ
ಜ್ವರದ ಲೆಕ್ಕದ ಶಫೀನಾ ಒಂದು ಗೆರೆ ಎಳೆದಳು:
ಒಬ್ಬನಿಂದ ಒಬ್ಬನಿಗಿಂತ ತುಸು ಕಮ್ಮಿ, ಆರುತ್ತದೆ;
ತುಸು ಜಾಸ್ತಿ, ಊರೇ ಮಲಗುತ್ತದೆ.
ಕಾಡ್ಗಿಚ್ಚಿನ ಬಿಜು ಅದರ ಬದಿಗೇ ಇನ್ನೊಂದು:
ಒಣ ಪೊದೆಗೂ ಒಣ ಪೊದೆಗೂ ನಡುವಿನ ಬಯಲು.
ಕಾಗದ ತಿರುಗಿಸಿ ಹಿಡಿದರೆ
ಯಾವುದು ಜ್ವರ ಯಾವುದು ಬೆಂಕಿ ತಿಳಿಯಲಿಲ್ಲ.
ಅಯಸ್ಕಾಂತ ಕಾಯಿಸುವ ವಾಮನ ನಾಯ್ಕ ನಕ್ಕ,
ನನ್ನದು ಬೇರೆ ಗೋತ್ರ, ಮಾರಾಯ್ರೇ,
ನೀರೂ ಆವಿಯೂ ಬೇರೆಯಾಗಲಾರದಂಥ ಬಿಸಿ ಇದೆಯಲ್ಲ,
ನಮ್ಮ ನೆಂಟಸ್ತಿಕೆ ಅದರ ಜೊತೆ.

ಹೊಸ್ತಿಲಿನ ಎತ್ತರ ಮನೆಮನೆಗೆ ಬೇರೆ.
ದಾಟುವ ಕಾಲಿನ ಬಾಗು, ಒಂದು ಗೋತ್ರಕ್ಕೆ, ಒಂದೇ.

ಆಸೆಯಾಯಿತು ನನಗೆ.
ಕಲಿತ ಶಾಲೆಗೆ ಹೋಗಿ ಹಾಜರಿ ಪಟ್ಟಿ ಕೇಳಿ ತಂದೆ.
ಕನ್ನಡ ಡಿವಿಷನ್: ನಲವತ್ತೊಂದು, ಮೂವತ್ತಾರು,
ಮೂವತ್ತಾರು, ಇಪ್ಪತ್ತೆರಡು,
ಹತ್ತೊಂಬತ್ತು, ಹನ್ನೊಂದು.
ಲಾಗ್ ಕಾಗದದಲ್ಲಿ ಚುಕ್ಕಿ ಇಟ್ಟೆ, ಗೆರೆ ಎಳೆದೆ.
ಕೂತಿತು.
ಎಷ್ಟು ಚಂದ ಕೂತಿತೆಂದರೆ
ಆ ರಾತ್ರಿ ನಿದ್ದೆ ಬರಲಿಲ್ಲ.

ಗೈಡು ಕನ್ನಡಕ ಒರೆಸಿಕೊಂಡು ಹೇಳಿದರು:
ಆರು ಚುಕ್ಕಿಗೆ ಯಾವ ಗೆರೆಯೂ ಕೂರುತ್ತದೆ.
ಮತ್ತೆ, ಇಷ್ಟಕ್ಕಿಂತ ಇಳಿದರೆ ತರಗತಿ ಇಲ್ಲ ಎನ್ನುವ ಅಂಕಿ
ಕಚೇರಿಯ ಆದೇಶದಲ್ಲಿದೆ, ಪ್ರಕೃತಿಯಲ್ಲಿಲ್ಲ.
ಆದೇಶಕ್ಕೆ ಘಾತ ಕಂಡುಹಿಡಿಯಬೇಡ.
ಅಳಿಸು.

ಅಳಿಸಿದೆ.
ಪೆನ್ಸಿಲು ಒತ್ತಿದ ತಗ್ಗು ಈಗಲೂ ಇದೆ,
ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುತ್ತದೆ.
ಗುಲಾಬಿ ಟೀಚರ ಕುರ್ಚಿ ಬರುವ ಜೂನಿಗೆ
ಎಲ್ಲಿರುತ್ತದೋ.

ಇವತ್ತು ಸಂಜೆ ಪಿಕಾಸಿನ ಸದ್ದು ಬದಲಾಯಿತು.
ಟಣ್ ಎನ್ನುತ್ತಿದ್ದದ್ದು ಟೊಪ್ ಎಂದಿತು.
ಒಳಗಿನಿಂದ ಕೂಗು.
ಬಗ್ಗಿ, ಬಗ್ಗಿ, ಕೊನೆಗೆ ಮಂಡಿಯೂರಿ ಹೋದೆ.
ಗೋಡೆಗೆ ಬೆರಳಿಟ್ಟರೆ
ಜ್ವರ ಬಿಟ್ಟ ಮಗುವಿನ ಹಣೆಯಷ್ಟು ಒದ್ದೆ.

ಇನ್ನೆಷ್ಟು ಏಟಿಗೆ ಬರಬಹುದು? ಕೇಳಿದೆ.
'ಅದು ನಿನ್ನ ಪುಸ್ತಕದಲ್ಲಿ ನೋಡು ಮಗಾ.
ನಾನು ಏಟು ಎಣಿಸಿದವನಲ್ಲ.
ಇನ್ನು ಮೆಲ್ಲಗೆ ಹೊಡೆಯಬೇಕು,
ಗೊತ್ತಿರುವುದು ಅಷ್ಟೇ.'

ಮೊಂಬತ್ತಿ ಒಮ್ಮೆ ಕುಗ್ಗಿ ನೆಟ್ಟಗಾಯಿತು.
ನಾನು ದಿನಾಂಕ ಬರೆದೆ, ಕೋಲು ಬರೆದೆ,
ಕಲ್ಲಿನ ಬಣ್ಣ ಬರೆದೆ.
ಘಾತದ ಮನೆ ಖಾಲಿ ಬಿಟ್ಟು
ಅವನ ಪಕ್ಕದಲ್ಲೇ ಕಿವಿಯನ್ನು ಗೋಡೆಗೆ ಇಟ್ಟೆ.