ಬಂಗಡೆ ಅರವತ್ನಾಲ್ಕು

ಉಲ್ಹಾಸ, ನೀನು ಕೇಳಿದ್ದೆ: ನನ್ನ ಆಟ ಹೇಗೆ ಮಾಸ್ತರ್ರೇ?
ಮೂರು ನಿಮಿಷದ ಆಟಕ್ಕೆ
ಮೂರು ವಾರ ತಗೊಂಡೆ. ಕ್ಷಮಿಸು.
ನಾನು ಪೋಸ್ಟ್ ಕಾರ್ಡಿನಲ್ಲಿ ಚೆಸ್ ಆಡಿದವ,
ಸದಾಶಿವಗಡದಿಂದ ಶಿರಸಿಗೆ ಒಂದು ನಡೆ,
ಶಿರಸಿಯಿಂದ ಮರುನಡೆ,
ನಡುವೆ ಘಟ್ಟ, ಭಾನುವಾರ, ಪೋಸ್ಟ್‌ಮನ್ನನ ಜ್ವರ.
ನನ್ನ ಮದುವೆಗೆ ಮುಂಚೆ ಹೊರಟ ಒಂದು ಕುದುರೆ
ಮಗಳ ನಾಮಕರಣದ ಹೊತ್ತಿಗೆ ಸತ್ತಿತು.

‘ಬಂಗಡೆ ಅರವತ್ನಾಲ್ಕು’, ಇದು ನೀನಿಟ್ಟುಕೊಂಡ ಹೆಸರು.
ಆ ಹೆಸರಿನ ಇನ್ನೂರಾ ಹನ್ನೆರಡು ಆಟ
ಮೊಮ್ಮಗಳ ಫೋನಿನಲ್ಲಿ
ಹಿಂದಕ್ಕೆ ಮುಂದಕ್ಕೆ ತಳ್ಳಿ ತಳ್ಳಿ ನೋಡಿದೆ.

ಮೊದಲು ಒಳ್ಳೆಯದು.
ನಿನ್ನ ಕುದುರೆ ಕುದುರೆಯಲ್ಲ, ಬಲೆಗೆ ಬಿದ್ದ ಏಡಿ;
ಯಾವ ಕಣ್ಣು ಹರಿದು ಹೊರಬರುತ್ತದೋ
ಎದುರಿನವನಿಗೆ ಗೊತ್ತಿಲ್ಲ, ನಿನಗೂ ಅನುಮಾನ.
ಕಾಲಾಳು ಕೊಡುವಾಗ ಕೈ ದೊಡ್ಡದು,
ದರ ಬಿದ್ದ ದಿನ ತಾರಲೆ ಸುರಿದಂತೆ ಕೊಡುತ್ತೀ.
ಅವನು ಎಣಿಸಿಕೊಳ್ಳುತ್ತಿರುವಾಗ ನಿನ್ನ ಒಂಟೆ
ಮೂಲೆಯಿಂದ ಮೂಲೆಗೆ,
ಕಾಳಿ ಸೇತುವೆ ಮೇಲೆ ನಡುರಾತ್ರಿಯ ಗೋವಾ ಲಾರಿ.
ಹತ್ತು ನಡೆ ಮುಗಿದಾಗ ನಿನ್ನ ಗಡಿಯಾರದಲ್ಲಿ
ಎರಡು ನಿಮಿಷ ಐವತ್ತು ಸೆಕೆಂಡು.
ಅಷ್ಟರಲ್ಲಿ ನನಗೆ ಕನ್ನಡಕ ಸಿಕ್ಕಿರುವುದಿಲ್ಲ.

ಇನ್ನು ತಿದ್ದಬೇಕಾದ್ದು.
ಕೋಟೆ ಕಟ್ಟುವುದೇ ಇಲ್ಲ ನೀನು.
ರಾಜ ಬಾಗಿಲಲ್ಲೇ ನಿಂತಿರುತ್ತಾನೆ
ಬನಿಯನ್ನಿನಲ್ಲಿ, ಹಲ್ಲುಜ್ಜುತ್ತ.
ಎರಡನೆಯದು: ಸೋತ ಕೂಡಲೇ ಅದೇ ಮನುಷ್ಯನನ್ನು ಕರೆಯುತ್ತೀ,
ಮತ್ತೆ ಸೋಲುತ್ತೀ, ಮತ್ತೆ ಕರೆಯುತ್ತೀ.
ಅಕ್ಟೋಬರ್ ಒಂಬತ್ತರ ರಾತ್ರಿ ಹದಿನಾಲ್ಕು ಸಲ,
ಯಾವನೋ ಉರುಗ್ವೆಯವನ ಕೈಲಿ.
ಸಿಟ್ಟು ಬಂದರೆ ಮಂತ್ರಿಯನ್ನು ಬೇಗ ಹೊರಗೆ ತರುತ್ತೀ;
ನಿನ್ನಪ್ಪನೂ ಹಾಗೇ, ಇಸ್ಪೀಟಿನಲ್ಲಿ ಹುಕುಮಿನ ಎಕ್ಕ.

ಮೂರನೆಯದು ಎಂದು ಬರೆದಿದ್ದೆ:
ಗೆದ್ದ ಆಟದಲ್ಲಿ ಕೈ ನಿಲ್ಲುತ್ತದೆ.
ಆನೆ ಒಂದು ಹೆಚ್ಚಿದೆ, ಕಾಲಾಳು ಏಳನೆಯ ಮನೆಯಲ್ಲಿದೆ,
ಇನ್ನೊಂದೇ ಹೆಜ್ಜೆ,
ನೀನು ಸುಮ್ಮನೆ.
ನಲವತ್ತು ಸೆಕೆಂಡು. ಇಪ್ಪತ್ತು. ಸೊನ್ನೆ.
ಇಂಥವು ಮೂವತ್ತೊಂದು.
‘ಗೆಲುವಿನ ಭಯ’ ಎಂದು ಬರೆದು ಕೆಳಗೆ ಗೆರೆ ಎಳೆದೆ,
ಸ್ಕೇಲು ಇಟ್ಟು.
ಜೂನ್ ಜುಲೈಯಲ್ಲಿ ಇಂಥದ್ದು ಒಂದೂ ಇರಲಿಲ್ಲ.
ಮಳೆಗೆ ತಲೆ ತಂಪಾಗಿರಬೇಕು ಅಂದುಕೊಂಡೆ.

ಮೊನ್ನೆ ಈ ಕಾಗದ ಕೊಡಲು ಬೈತಖೋಲಕ್ಕೆ ಬಂದಿದ್ದೆ,
ನಿದ್ದೆ ಬಾರದೆ, ರಾತ್ರಿ ಎರಡೂವರೆಗೆ.
ಐಸ್ ಪ್ಲಾಂಟಿನ ಬಾಗಿಲಲ್ಲೇ ಅಮೋನಿಯಾ ಮೂಗಿಗೆ ಹೊಡೆಯಿತು.
ಉಪ್ಪುನೀರ ತೊಟ್ಟಿಯ ಹಲಗೆ ಮೇಲೆ
ಗೋಣಿ ಹೊದ್ದು ಕೂತಿದ್ದೆ, ಮುಖಕ್ಕೆ ಫೋನಿನ ಬೆಳಕು.
ಮಾತಾಡಿಸಲಿಲ್ಲ. ಹಿಂದೆ ನಿಂತು ನೋಡಿದೆ.
ಗೆಲ್ಲುತ್ತಿದ್ದೆ. ಎರಡು ನಡೆ, ಮುಗಿಯಿತು.
ಧಕ್ಕೆಯಿಂದ ಯಾರೋ ಕೂಗಿದರು, ಐಸ್ ಬಿಡೋ!
ನೀನು ಫೋನನ್ನು ಬೋರಲು ಹಾಕಿ ಎದ್ದೆ,
ಕೊಕ್ಕೆ ಹಾಕಿ ಗಡ್ಡೆ ಎಳೆದೆ,
ಯಂತ್ರ ಅದನ್ನು ಅರೆದು ಕೊಳವೆಗೆ ಕೊಟ್ಟಿತು,
ಕೊಳವೆ ಬೋಟಿನ ಹೊಟ್ಟೆಗೆ.
ಹಲಗೆ ಮೇಲೆ ಮುಖ ಕೆಳಗಾಗಿ
ನಿನ್ನ ಹೊತ್ತು ತಾನೇ ಸೋರುತ್ತಿತ್ತು.
ಉರುಗ್ವೆಯವನೋ ಮತ್ತೊಬ್ಬನೋ, ಎಲ್ಲೋ ಕೂತು
ನನ್ನ ಹಾಗೇ ಯೋಚಿಸಿರಬೇಕು: ಹೆದರಿದ.

ಕಾಗದ ಕಿಸೆಯಲ್ಲೇ ವಾಪಸು ಬಂತು.
ಮೂರನೆಯದನ್ನು ಹೊಡೆದು ಹಾಕಿದ್ದೇನೆ.
ಶಾಯಿ ಹರಡಿದೆ, ಓದಲು ಬಾರದಿದ್ದರೆ ಒಳ್ಳೆಯದೇ.
ಎರಡನೆಯದು ಹಾಗೇ ಇದೆ: ಉರುಗ್ವೆಯವನನ್ನು ಬಿಡು.
ಮೊದಲನೆಯದೂ. ಕೋಟೆ ಕಟ್ಟು ಮಾರಾಯಾ,
ಎರಡು ಸೆಕೆಂಡಿನ ಕೆಲಸ.

ಇದರ ಹಿಂದೆ ನನ್ನ ಒಂದು ನಡೆ ಬರೆದಿದ್ದೇನೆ,
ರಾಜನ ಮುಂದಿನ ಕಾಲಾಳು, ಎರಡು ಮನೆ.
ಅವಸರವಿಲ್ಲ.
ಬೋಟು ಬಂದರೆ ಬರಲಿ.