ಅಡ್ಡ ಹಿಡಿದ ಕೈ

ಡಬ್ಬೊ ಊರಿನ ಆಸ್ಪತ್ರೆ, ಎಕ್ಸ್‌ರೇ ಕೋಣೆ ಎರಡು.
ಬಾಗಿಲ ಮೇಲೆ ಹಳದಿ ತ್ರಿಕೋನ:
ರೋಗಿಯ ಹೊರತು ಯಾರೂ ಒಳಬರಕೂಡದು.
ಅವನು ಓದಿ ನಕ್ಕ. "ನಾನು ಅವಳ ಗಂಡ."
"ಕಿರಣಕ್ಕೆ ಅದು ಗೊತ್ತಾಗಲ್ಲ," ಅಂದೆ,
ಸೀಸ ಹೊದ್ದ ಬಾಗಿಲು ಎಳೆದುಕೊಂಡೆ.

ಮರ್ಲೀನ್ ಎಂದಿಟ್ಟುಕೊಳ್ಳಿ. ಅರವತ್ತೊಂದು.
ಕುರಿಯ ಉಣ್ಣೆ ಕತ್ತರಿಸುವವರಿಗೆ ಅಡುಗೆ ಮಾಡುವವಳು.
ಏಣಿಯಿಂದ ಬಿದ್ದೆ ಎಂದು ಫಾರ್ಮಿನಲ್ಲಿದೆ,
ಕೈಬರಹ ಅವನದು.

ಬೀಳುವವರು ಅಂಗೈ ಚಾಚುತ್ತಾರೆ,
ಮುರಿಯುವುದು ಮಣಿಕಟ್ಟು.
ಹದಿನಾಲ್ಕು ವರ್ಷ ನೋಡಿದ್ದೇನೆ: ಕುದುರೆಯಿಂದ ಉರುಳಿದವರು,
ಟ್ರ್ಯಾಂಪೊಲಿನ್ ಹತ್ತಿದ ಮಕ್ಕಳು, ಬಾತ್‌ರೂಮಿನ ಮುದುಕರು.
ಇವಳದು ಮುಂಗೈಯ ನಡುವೆ,
ಕಿರುಬೆರಳ ಕಡೆಯ ಮೂಳೆ, ಒಂದೇ ಅಡ್ಡಗೀರು.
ಮುಖಕ್ಕೆ ಬರುವುದನ್ನು
ಕೈ ಎತ್ತಿ ತಡೆದಾಗ ಮುರಿಯುವ ಜಾಗ.
ಪಕ್ಕೆಯಲ್ಲಿ ಮೂರು ಹಳೆಯ ಗಂಟು,
ಯಾರಿಗೂ ತೋರಿಸದೆ ತಾವೇ ಕೂಡಿಕೊಂಡವು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.
ಹರಪನಹಳ್ಳಿಯ ನಮ್ಮ ಓಣಿಯಲ್ಲಿ
ಪಕ್ಕದ ಮನೆಯ ಸದ್ದು ಕೇಳಿದಾಗಲೆಲ್ಲ
ರೇಡಿಯೊ ಜೋರು ಮಾಡಿ ಅಪ್ಪ ಹೇಳುತ್ತಿದ್ದ ಮಾತು.
ಉಂಡು ಮಲಗಿದ ಮೇಲೆ
ಮೂಳೆ ಕೂಡಲು ಆರು ವಾರ.
ಗಾದೆಯಲ್ಲಿ ಆ ಲೆಕ್ಕವಿಲ್ಲ.

ಕಳೆದ ವರ್ಷ ಇಂಥದೇ ಕೈಯೊಂದು ಬಂದಿತ್ತು.
ತೆಗೆಯುವುದು ನನ್ನ ಕೆಲಸ, ಓದುವುದು ಡಾಕ್ಟರದು,
ಕೇಳುವುದು ಮತ್ಯಾರದೋ ಎಂದುಕೊಂಡು
ಸರಿಯಾದ ಕೋನದಲ್ಲಿ ಎರಡು ಚಿತ್ರ ತೆಗೆದು ಕಳಿಸಿದೆ.
ಒಳ್ಳೆಯ ಚಿತ್ರಗಳು. ಹೊಸಬರ ತರಬೇತಿಗೆ ಇಟ್ಟುಕೊಂಡರು.
ಅವಳು ಮತ್ತೆ ಬರಲಿಲ್ಲ.

ಗಾಜಿನ ಹಿಂದಿನಿಂದ "ಉಸಿರು ಹಿಡಿಯಿರಿ" ಅಂದಿದ್ದೆ,
ಮರ್ಲೀನ್ ಮೊದಲೇ ಹಿಡಿದಿದ್ದಳು.
"ಬಿಡಿ" ಅಂದ ಮೇಲೂ ಬಿಡಲಿಲ್ಲ.
ಈಚೆ ಬಂದೆ. ಕಾಲಿಡುವ ಸ್ಟೂಲಿನ ಮೇಲೆ ಕೂತೆ,
ನನ್ನ ಮುಖ ಅವಳ ಮುಖಕ್ಕಿಂತ ಕೆಳಗಿರಲೆಂದು.
"ಯಾರಾದರೂ ಹೊಡೆದರಾ?"
ಇಷ್ಟೇ ಮಾತು. ಬಾಯಿ ಒಣಗಿತು.

ಬಾವು ಬಂದು ಬಿಗಿದ ಉಂಗುರ ನೋಡಿಕೊಂಡಳು.
"ಏಣಿ," ಅಂದಳು.
ಆಮೇಲೆ, ಗೋಡೆಗೆ ಹೇಳುವಂತೆ,
"ನಾಯೀನ ಬಿಟ್ಟು ಬರೋಕಾಗಲ್ಲ."

ಹೊರಗಿನಿಂದ ಬಾಗಿಲು ಎರಡು ಸಲ ಬಡಿಯಿತು.
"ಚಿತ್ರ ಮಸುಕಾಗಿದೆ, ಇನ್ನೊಮ್ಮೆ ತೆಗೀಬೇಕು," ಕೂಗಿದೆ.
ಚಿತ್ರ ಕನ್ನಡಿಯಷ್ಟು ಸ್ಪಷ್ಟವಿತ್ತು.
ಬಾಗಿಲಾಚೆಯ ಕೆಂಪು ದೀಪ ಹಾಗೇ ಉರಿಯಲು ಬಿಟ್ಟೆ.

ಹೇಳಿದೆ: ಇಲ್ಲೊಂದು ಹಿಂಬಾಗಿಲಿದೆ.
ನಾಯಿಗೂ ಜಾಗವಿರುವ ಮನೆ ಹುಡುಕಿಕೊಡುವ ಒಬ್ಬಳು
ಇದೇ ಕಟ್ಟಡದಲ್ಲಿದ್ದಾಳೆ, ನೀವು ಹೂಂ ಅಂದರೆ ಬರುತ್ತಾಳೆ.
ಇವತ್ತೇ ಅನ್ನಬೇಕೆಂದಿಲ್ಲ.
ನಾಯಿಯ ಹೆಸರೇನು?

"ಟಿಲ್ಲಿ," ಅಂದಳು, ಉಸಿರು ಬಿಟ್ಟು.
"ಅದಕ್ಕೆ ಒಂದು ಕಣ್ಣು ಕಾಣಲ್ಲ."